ಬಾಯಿಪಾಠದ ಕಣ್ಣು

ಕನ್ನಡಕದ ಅಂಗಡಿ ಇಟ್ಟವನಿಗೆ ಲೆನ್ಸಪ್ಪ ಎಂದು ಅಡ್ಡಹೆಸರು ಇಡುವುದಕ್ಕೆ ದೊಡ್ಡ ಬುದ್ಧಿಯೇನೂ ಬೇಕಿಲ್ಲ. ಯಾರೋ ತಮಾಷೆಗೆ ಕರೆದರು, ಅದೇ ಅಂಟಿಕೊಂಡಿತು. ಕೊನೆಗೆ ಚರ್ಚಿನ ಪ್ರಾರ್ಥನೆಯಲ್ಲೂ "ನಮ್ಮ ಲೆನ್ಸಪ್ಪನವರ ಕುಟುಂಬಕ್ಕಾಗಿ" ಎಂದು ಬೇಡಿಕೊಳ್ಳುವ ಮಟ್ಟಕ್ಕೆ ಹೋಯಿತು. ಅವನಿಗೇನೂ ಬೇಸರವಿರಲಿಲ್ಲ. ಹೆಸರು ಎಂಥದಾದರೇನು, ಅಂಗಡಿ ನಡೆದರೆ ಸರಿ.

ಅಂಗಡಿ ಚೆನ್ನಾಗಿಯೇ ನಡೆಯುತ್ತಿತ್ತು. ಔಷಧಿ ಅಂಗಡಿಗೂ ಬೀಗದ ಅಂಗಡಿಗೂ ನಡುವೆ ಸಿಕ್ಕಿಕೊಂಡ ಕಿಷ್ಕಿಂಧೆಯಂಥ ಜಾಗ. ಮುಂದೆ ಫ್ರೇಮುಗಳ ಕಪಾಟು, ಹಿಂದೆ ಒಂದು ಪರದೆ, ಪರದೆಯಾಚೆ ಪರೀಕ್ಷೆಯ ಕುರ್ಚಿ. ಕೋಣೆಯ ಉದ್ದ ಸಾಲದ್ದರಿಂದ ಅಕ್ಷರದ ಬೋರ್ಡನ್ನು ಕುರ್ಚಿಯ ಹಿಂದೆ ತೂಗುಹಾಕಿ, ಎದುರಿನ ಗೋಡೆಯ ಕನ್ನಡಿಯಲ್ಲಿ ಅದನ್ನು ಓದಿಸುತ್ತಿದ್ದ. ಇದೆಲ್ಲ ಇಂಥ ಅಂಗಡಿಗಳಲ್ಲಿ ಇರುವಂಥದೇ. ಲೆನ್ಸಪ್ಪನ ಅಂಗಡಿಗೆ ಅದರದೇ ಒಂದು ವಿಶೇಷವಿತ್ತು. ಅದು ರೀಡಿಂಗ್ ಕಾರ್ಡು.

ಹತ್ತಿರದ್ದನ್ನು ಓದಲು ಎಷ್ಟು ಪವರ್ ಬೇಕೆಂದು ನೋಡುವುದಕ್ಕೆ ಕೈಗೆ ಕೊಡುವ ರಟ್ಟು ಅದು. ಮೇಲಿನ ಸಾಲು ದಪ್ಪಕ್ಷರ, ಕೆಳಗಿಳಿದಂತೆ ಸಣ್ಣದು, ಕೊನೆಯದು ಇರುವೆಸಾಲು. ಕಂಪನಿಯವರು ಕೊಟ್ಟ ಕಾರ್ಡಿನಲ್ಲಿ ತಲೆಬುಡವಿಲ್ಲದ ನಾಲ್ಕು ವಾಕ್ಯಗಳಿದ್ದವು. ಲೆನ್ಸಪ್ಪ ಅದನ್ನು ಮೂಲೆಗೆಸೆದು, ವೇದಪುಸ್ತಕದ, ಅಂದರೆ ಬೈಬಲಿನ, ಒಂದು ಕೀರ್ತನೆಯನ್ನು ಅದೇ ಅಳತೆಯ ಅಕ್ಷರಗಳಲ್ಲಿ ಅಚ್ಚು ಹಾಕಿಸಿಕೊಂಡಿದ್ದ. ಚರ್ಚಿನ ಮಕ್ಕಳು ಹಾಲುಹಲ್ಲು ಬೀಳುವ ಮೊದಲೇ ಬಾಯಿಪಾಠ ಮಾಡುವ ಕೀರ್ತನೆ. ಕನ್ನಡಕ ಬೇಕೆಂದು ಬಂದವರೆಲ್ಲ, ಯಾವ ದೇವರನ್ನು ನಂಬುವವರೇ ಆಗಲಿ, ಯಾರನ್ನೂ ನಂಬದವರೇ ಆಗಲಿ, ಅದನ್ನು ಗಟ್ಟಿಯಾಗಿ ಓದಲೇಬೇಕು. ಸ್ವಾಮಿಕಾರ್ಯವೂ ಆಯಿತು, ಸ್ವಕಾರ್ಯವೂ ಆಯಿತು ಎಂದು ಲೆನ್ಸಪ್ಪ ಒಳಗೊಳಗೇ ಬೀಗುತ್ತಿದ್ದ.

ತಕರಾರು ಶುರುವಾದದ್ದು ಮಗಳು ಕಣ್ಣಿನ ಪರೀಕ್ಷೆಯ ಕೋರ್ಸು ಮುಗಿಸಿ ಅಂಗಡಿಗೆ ಬಂದು ಕೂತ ಮೇಲೆ. ಒಂದು ದಿನ ಹೊಲಿಗೆ ಅಂಗಡಿಯ ಹೆಂಗಸೊಬ್ಬರು ಬಂದರು. ಕಾರ್ಡು ಕೈಗೆ ತೆಗೆದುಕೊಂಡು, ಮೊದಲೆರಡು ಸಾಲನ್ನು ತಡವರಿಸುತ್ತ ಓದಿ, ಮೆಲ್ಲಗೆ ತೊಡೆಯ ಮೇಲಿಟ್ಟರು.

"ಅಣ್ಣಾ, ಇದು ನಿಮ್ಮ ಪ್ರಾರ್ಥನೆ ಅಲ್ವಾ? ಬೇರೆ ಏನಾದ್ರೂ ಇದ್ರೆ ಕೊಡಿ. ನನಗೆ ಸೂಜಿಗೆ ದಾರ ಪೋಣಿಸೋಕೆ ಕಣ್ಣು ಬೇಕಿತ್ತು, ಅಷ್ಟೇ."

"ಒಳ್ಳೇ ಮಾತೇ ಅಮ್ಮಾ ಇರೋದು. ಓದಿದ್ರೆ ಗಂಟೇನು ಹೋಗುತ್ತೆ?"

"ಗಂಟೇನೂ ಹೋಗಲ್ಲ. ಆದ್ರೆ ನೀವು ಬಟ್ಟೆ ಹೊಲಿಸೋಕೆ ಬಂದಾಗ, ನಮ್ಮ ದೇವರ ಪಾಠನ ಕೈಗೆ ಕೊಟ್ಟು, ಇದನ್ನ ಜೋರಾಗಿ ಓದಿದ್ರೆ ಮಾತ್ರ ಅಳತೆ ತಗೋತೀನಿ ಅಂದ್ರೆ ನೀವು ಓದ್ತೀರಾ?"

ಮಗಳು ಪಕ್ಕದಲ್ಲಿದ್ದ ಪತ್ರಿಕೆಯನ್ನೇ ಮಡಚಿ ಕೊಟ್ಟಳು. ಆಕೆ ಅದನ್ನು ಓದಿ, ಕನ್ನಡಕಕ್ಕೆ ಹೇಳಿ ಹೋದರು. ಹೋದ ಮೇಲೆ ಅಪ್ಪ ಮಗಳಿಗೆ ಮಾತಿಗೆ ಮಾತು ಬೆಳೆಯಿತು.

"ಅವರು ಕೇಳಿದ್ದು ಸರಿ ಇದೆ ಅಪ್ಪಾ."

"ಏನು ಸರಿ? ಹಾಗಾದ್ರೆ ನನ್ನ ನಂಬಿಕೇನ ಡ್ರಾಯರ್ ಒಳಗೆ ಹಾಕಿ ಬೀಗ ಹಾಕ್ಲಾ?"

"ಯಾಕೆ ಬೀಗ? ಗೋಡೆ ಮೇಲೆ ಹಾಕು. ಇಷ್ಟ ಇದ್ದೋರು ಓದ್ಲಿ. ಕುರ್ಚೀಲಿ ಕೂರಿಸಿ, ಒಂದು ಕಣ್ಣು ಮುಚ್ಚಿಸಿ ಓದು ಅಂದ್ರೆ ಅವರು ಎಲ್ಲಿಗೆ ಹೋಗ್ಬೇಕು?"

ಅವಳು ತಾನೇ ಒಂದು ಕಾರ್ಡು ತಯಾರಿಸಿಯೂ ತಂದಳು. ನೀರಿನ ಟ್ಯಾಂಕು ತೊಳೆಯುವುದು ಹೇಗೆ ಎಂಬುದರ ಬಗ್ಗೆ ಒಂದು ಪುಟ್ಟ ಬರಹ. ಮೊದಲು ಕೆಳಗಿನ ಕೊಳವೆ ಬಿಚ್ಚಬೇಕು, ತಳದ ಕೆಸರನ್ನು ಬ್ರಷ್ಷಿನಿಂದ ಉಜ್ಜಬೇಕು, ಇತ್ಯಾದಿ. ಯಾರ ಮನಸ್ಸಿಗೂ ನೋವಿಲ್ಲ, ಯಾರಿಗೂ ಮೊದಲೇ ಗೊತ್ತಿರುವುದಿಲ್ಲ ಎಂದಳು. ಲೆನ್ಸಪ್ಪ ಅದನ್ನು ಎರಡು ಬೆರಳಲ್ಲಿ ಸತ್ತ ಜಿರಳೆ ಹಿಡಿದ ಹಾಗೆ ಹಿಡಿದ.

"ಟ್ಯಾಂಕು ತೊಳೆಯೋದು ಓದಿ ಯಾರ ಕಣ್ಣು ತೆರೆಯುತ್ತೆ ತಾಯಿ? ನಡಿ, ಅಕ್ಕನ್ನೇ ಕೇಳೋಣ. ಅವಳು ಹೇಳಿದ್ದೇ ಕೊನೆ."

ಅಕ್ಕ ಎಂದರೆ ದೊಡ್ಡಕ್ಕ. ಲೆನ್ಸಪ್ಪನಿಗೊಬ್ಬನಿಗೇ ಅಲ್ಲ, ಇಡೀ ಚರ್ಚಿಗೇ ಅವಳು ದೊಡ್ಡಕ್ಕ. ತಾಯಿ ತೀರಿಕೊಂಡ ಮೇಲೆ ತಮ್ಮನನ್ನು ಸಾಕಿ, ಓದಿಸಿ, ಅಂಗಡಿ ಹಾಕಿಕೊಟ್ಟು, ಆ ಗಡಿಬಿಡಿಯಲ್ಲಿ ತನ್ನ ಮದುವೆಯ ವಿಷಯವನ್ನೇ ಮರೆತವಳು. ಅಂಗಡಿಯ ಮೊದಲ ದಿನಗಳಲ್ಲಿ ಕೌಂಟರಿನಲ್ಲಿ ಕೂತಿದ್ದವಳೂ ಅವಳೇ. ಈಗ ಹಿಂದಿನ ಬೀದಿಯ ಒಂದು ಕೋಣೆಯ ಮನೆಯಲ್ಲಿ ಒಬ್ಬಳೇ ಇದ್ದಾಳೆ. ಭಾನುವಾರದ ಆರಾಧನೆಯಲ್ಲಿ ವೇದಪಾಠ ಓದುವವಳು ಅವಳು. ಲೆನ್ಸಪ್ಪನಿಗೆ ಬುದ್ಧಿ ತಿಳಿದಾಗಿನಿಂದ ಆ ಮೇಜಿನ ಹಿಂದೆ ಬೇರೆ ಯಾರೂ ನಿಂತದ್ದನ್ನು ಅವನು ನೋಡಿಲ್ಲ. ದೊಡ್ಡಕ್ಕ ಓದಿದರೆ ಹಿಂದಿನ ಬೆಂಚಿನಲ್ಲಿ ತೂಕಡಿಸುವವರೂ ನೆಟ್ಟಗೆ ಕೂರುತ್ತಾರೆ. ಅವಳಿಗೆ ಗಂಡನಿಲ್ಲ, ಮಕ್ಕಳಿಲ್ಲ, ಆಸ್ತಿಯಂತೂ ಇಲ್ಲವೇ ಇಲ್ಲ. ತನ್ನದು ಎಂದು ಇರುವುದು ಆ ಓದೊಂದೇ. ಅದನ್ನು ಅವಳು ಬಾಯಿಬಿಟ್ಟು ಹೇಳಿದವಳಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ಮೊಕದ್ದಮೆ ಕೇಳಿದ ದೊಡ್ಡಕ್ಕ, ಹೊಸ ಕಾರ್ಡನ್ನು ನೋಡಲೂ ಇಲ್ಲ.

"ಆ ಹಳೇ ಕಾರ್ಡು ಒಂದು ಬದಲಾಯಿಸಬೇಡ ಕಣೋ," ಎಂದಳು. ಎಂದೂ ಯಾರನ್ನೂ ಬೇಡದವಳು ಬೇಡಿಕೊಂಡ ಹಾಗಿತ್ತು.

"ಕೇಳಿದ್ಯಾ?" ಎಂದು ಲೆನ್ಸಪ್ಪ ಮಗಳತ್ತ ತಿರುಗಿದ. ಗೆದ್ದ ಖುಷಿಯಲ್ಲಿ ಅವನಿಗೆ ಅಕ್ಕ ಹಾಗೆ ಬೇಡಿಕೊಂಡದ್ದು ಭಕ್ತಿಯಿಂದ ಎಂದೇ ಅನ್ನಿಸಿತು.

ಅದೇ ಸಮಯಕ್ಕೆ ಚರ್ಚಿಗೆ ಹೊಸ ಅಯ್ಯನವರು, ಅಂದರೆ ಪಾದ್ರಿಗಳು, ಬಂದಿದ್ದರು. ಮೆದು ಮಾತಿನ ಮನುಷ್ಯ, ಆದರೆ ಹಿಡಿದದ್ದನ್ನು ಬಿಡುವವರಲ್ಲ. ಬರುತ್ತಲೇ ವೇದಪುಸ್ತಕದ ಹೊಸ ಅನುವಾದವೊಂದನ್ನು ತಂದರು. ಆಡುಮಾತಿಗೆ ಹತ್ತಿರದ ಭಾಷೆ, ಓದಿದರೆ ತಿಳಿಯುತ್ತದೆ ಎಂದರು. ಹಿಂದಿನ ವಾರ ಭಾನುವಾರದ ಶಾಲೆಯಲ್ಲಿ ಒಂದು ಮಗು ಎದ್ದುನಿಂತು, "ಊಳಿಗ ಅಂದ್ರೆ ಏನು? ನಾಯಿ ಊಳಿಡುತ್ತಲ್ಲ, ಅದಾ?" ಎಂದು ಕೇಳಿತ್ತಂತೆ. ನಾವು ಹೇಳುವುದು ನಮ್ಮ ಮಕ್ಕಳಿಗೇ ತಿಳಿಯದಿದ್ದರೆ, ಬಾಗಿಲಾಚೆ ನಿಂತವರಿಗೆ ಏನು ತಿಳಿದೀತು ಎಂಬುದು ಅವರ ಪ್ರಶ್ನೆ.

ಚರ್ಚು ಎರಡು ಹೋಳಾಯಿತು. ಹಳಬರ ಗುಂಪಿಗೆ ಖಜಾಂಚಿಯೇ ಮುಖಂಡ. ಊಳಿಗದವನು ಎಂದಿದ್ದ ಕಡೆ ಹೊಸ ಪುಸ್ತಕದಲ್ಲಿ ಕೆಲಸದವನು ಎಂದಿರುವುದನ್ನು ಕಂಡು ಅವರು ಕೆಂಡವಾಗಿದ್ದರು. "ಕೆಲಸದವನು ಅಂದ್ರೆ ನಮ್ಮನೆ ನಲ್ಲಿ ರಿಪೇರಿಗೆ ಬರೋನು! ಹೇಳಿದ ದಿನ ಬರದೇ ಇರೋನು! ಅದೂ ಇದೂ ಒಂದೇನಾ?" ಎಂದು ಅಂಗಡಿಗೇ ಬಂದು ಕೂಗಾಡಿದರು. ಲೆನ್ಸಪ್ಪನೂ ಹಳಬರ ಗುಂಪೇ. ತಂದೆ ಊಟಕ್ಕೆ ಮೊದಲು ತಟ್ಟೆ ಮುಂದಿಟ್ಟು, ಅಧ್ಯಾಯ ಒಪ್ಪಿಸಿದವರಿಗೆ ಮಾತ್ರ ಬಡಿಸುತ್ತಿದ್ದ ಮನೆ ಅವರದು. ಹಸಿವಿನ ಜೊತೆ ಸೇರಿ ನಾಲಿಗೆಗೆ ಹತ್ತಿದ ಮಾತುಗಳನ್ನು ಯಾರೋ ಬಂದು ಬದಲಾಯಿಸಿದರೆ ಹೇಗೆ? ಆದರೂ ಮತಕ್ಕೆ ಹಾಕಿದಾಗ ಹೊಸದೇ ಗೆದ್ದಿತು. ಭಾನುವಾರದ ಪಾಠ ಇನ್ನು ಮುಂದೆ ಹೊಸ ಪುಸ್ತಕದಿಂದ ಎಂದಾಯಿತು. ಯಾವ ಅಧ್ಯಾಯ ಎಂಬುದನ್ನು ಅಯ್ಯನವರು ಶನಿವಾರ ಫೋನು ಮಾಡಿ ದೊಡ್ಡಕ್ಕನಿಗೆ ತಿಳಿಸಿದರು.

ಆ ಭಾನುವಾರ ದೊಡ್ಡಕ್ಕ ಮೇಜಿನ ಹಿಂದೆ ಬಂದು ನಿಂತಳು. ಹೊಸ ಪುಸ್ತಕ ಬಿಚ್ಚಿ ಇಟ್ಟಿತ್ತು. ಕನ್ನಡಕ ಸರಿಮಾಡಿಕೊಂಡಳು, ತಲೆ ತಗ್ಗಿಸಿದಳು, ಓದಿದಳು. ಮೊದಲಿನಿಂದ ಕೊನೆಯವರೆಗೆ ಹಳೆಯ ಅನುವಾದ! ಒಂದಕ್ಷರ ಆಚೀಚೆ ಇಲ್ಲ. ಹೊಸ ಪುಸ್ತಕ ಹಿಡಿದು ಸಾಲಿನ ಮೇಲೆ ಬೆರಳೋಡಿಸುತ್ತಿದ್ದ ಜನ ತಬ್ಬಿಬ್ಬಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಖಜಾಂಚಿಯ ಮುಖ ಹುಣ್ಣಿಮೆಯಾಯಿತು. ಲೆನ್ಸಪ್ಪನ ಎದೆ ಎಷ್ಟು ಉಬ್ಬಿತೆಂದರೆ ಅಂಗಿಯ ಗುಂಡಿ ಕಿತ್ತುಹೋಗದೆ ಉಳಿದದ್ದೇ ಆಶ್ಚರ್ಯ.

"ಎಂಥ ಧೈರ್ಯ ನೋಡಿ! ಒಂದು ಮಾತೂ ಆಡದೆ, ಮುಖಕ್ಕೆ ಹೊಡೆದ ಹಾಗೆ!" ಎಂದು ಖಜಾಂಚಿ ಹೊರಗೆ ಎಲ್ಲರ ಕೈ ಕುಲುಕಿದರು.

ಅಯ್ಯನವರು ಮಾತ್ರ ಸಿಟ್ಟಾಗಲಿಲ್ಲ. ದೊಡ್ಡಕ್ಕನ ಹತ್ತಿರ ಬಂದು, "ಬೇಸರ ಇದ್ರೆ ನನ್ನ ಹತ್ರಾನೇ ಹೇಳಿ ಅಕ್ಕಾ," ಎಂದರು.

"ಹಳೇ ನಾಲಿಗೆ ಅಯ್ಯನವರೇ. ತಾನಾಗೇ ಹಳೇ ದಾರಿ ಹಿಡೀತು," ಎಂದು ಅವಳು ನಕ್ಕಳು.

ಮುಂದಿನ ವಾರವೂ ನಾಲಿಗೆ ಹಳೇ ದಾರಿಯನ್ನೇ ಹಿಡಿಯಿತು. ಈ ಸಲ ಹೊಸಬರ ಗುಂಪು ಸುಮ್ಮನಿರಲಿಲ್ಲ. ಮತ ಹಾಕಿ ತೀರ್ಮಾನಿಸಿದ್ದನ್ನು ಮೀರುವುದಾದರೆ ಓದುವ ಕೆಲಸವನ್ನು ಬೇರೆಯವರಿಗೆ ಕೊಡಿ ಎಂದು ಪಟ್ಟು ಹಿಡಿದರು. ಗುರುವಾರ ಸಂಜೆ ಸಭೆ ಕರೆದದ್ದಾಯಿತು. ಲೆನ್ಸಪ್ಪ ಸೊಂಟ ಕಟ್ಟಿ ನಿಂತ. ಅಕ್ಕನ ಕೈಯಿಂದ ಆ ಓದನ್ನು ಕಿತ್ತುಕೊಳ್ಳುವುದು ಅಂದರೇನು, ಅವಳನ್ನು ಜೀವಸಹಿತ ಹೂಳುವುದೂ ಅದೂ ಒಂದೇ. ಹೇಳಬೇಕಾದ ಮಾತುಗಳನ್ನೆಲ್ಲ ಅಂಗಡಿಯಲ್ಲಿ ಲೆನ್ಸು ಒರೆಸುತ್ತ ಒರೆಸುತ್ತ ಜೋಡಿಸಿಕೊಳ್ಳುತ್ತಿದ್ದ. ಅರ್ಧ ಮಗಳಿಗೆ ಕೇಳಲಿ ಎಂದೇ ಗಟ್ಟಿಯಾಗಿ ಹೇಳುತ್ತಿದ್ದ.

ಮಗಳು ಸ್ವಲ್ಪ ಹೊತ್ತು ಕೇಳಿ, "ಅಪ್ಪಾ, ಒಂದು ವಿಷಯ," ಎಂದಳು. "ನಾನು ಎರಡು ವಾರಾನೂ ಹೊಸ ಪುಸ್ತಕ ಹಿಡ್ಕೊಂಡು ಮುಂದಿನ ಬೆಂಚಲ್ಲೇ ಕೂತಿದ್ದೆ. ಪಾಠ ಅರ್ಧಕ್ಕೆ ಬಂದಾಗ ಆ ಪುಟ ಮುಗಿದು ಹಿಂಬದಿಗೆ ಹೋಗುತ್ತೆ. ಅತ್ತೆ ಪುಟ ತಿರುಗಿಸ್ಲೇ ಇಲ್ಲ."

"ಅವಳಿಗೆ ಪುಟ ಯಾಕೆ ಬೇಕು? ಅರ್ಧ ವೇದಪುಸ್ತಕ ಬಾಯಿಪಾಠ ಇದೆ!"

"ಅದನ್ನೇ ನಾನೂ ಹೇಳ್ತಿರೋದು."

"ಹಠಕ್ಕೆ ತಿರುಗಿಸಿಲ್ಲ ಬಿಡು."

"ಹಠ ಮಾಡೋರು ಎದುರಿಗಿರೋ ಜನರನ್ನ ನೋಡಿ ಹೇಳ್ತಾರೆ. ಅತ್ತೆ ಓದೋ ಹಾಗೆ ತಲೆ ಬಗ್ಗಿಸಿದ್ರು. ಕಣ್ಣು ಆ ಕಡೆಯಿಂದ ಈ ಕಡೆಗೆ ಓಡ್ತಿರ್ಲಿಲ್ಲ. ಒಂದೇ ಕಡೆ ನೆಟ್ಟಿತ್ತು." ಆಮೇಲೆ ಕೇಳಿದಳು. "ಅತ್ತೆ ಕಣ್ಣನ್ನ ಕೊನೇ ಸಲ ನೋಡಿದ್ದು ಯಾರು?"

ನೋಡಿದ್ದು ಲೆನ್ಸಪ್ಪನೇ. ಅಕ್ಕನ ಕಣ್ಣನ್ನು ಬೇರೆಯವರಿಗೆ ಬಿಟ್ಟಾನೆಯೇ? ಈ ವರ್ಷದ ಮೊದಲಲ್ಲಿ ಅವಳೇ ಬಂದು, ಸಂಜೆ ಹೊತ್ತು ಅಕ್ಷರ ಸ್ವಲ್ಪ ಕದಡಿದ ಹಾಗಾಗುತ್ತೆ ಎಂದಿದ್ದಳು. ಕುರ್ಚಿಯಲ್ಲಿ ಕೂರಿಸಿದ್ದ. ಬೋರ್ಡಿನ ಅಕ್ಷರಗಳನ್ನು ಸರಸರ ಹೇಳಿದ್ದಳು. ಕೌಂಟರಿನಲ್ಲಿ ಕೂತ ದಿನಗಳಲ್ಲಿ ಸಾವಿರ ಸಲ ಕೇಳಿದ ಅಕ್ಷರಗಳು. ಆಮೇಲೆ ಒಂದು ಕಣ್ಣು ಮುಚ್ಚಿಸಿ ಕಾರ್ಡು ಕೊಟ್ಟಿದ್ದ, ಮತ್ತೆ ಇನ್ನೊಂದು ಕಣ್ಣು ಮುಚ್ಚಿಸಿ ಕೊಟ್ಟಿದ್ದ. ಎರಡು ಸಲವೂ ಇರುವೆಸಾಲಿನವರೆಗೂ ನೀರು ಹರಿದ ಹಾಗೆ ಓದಿದ್ದಳು. ಅವಳ ದನಿಗೆ ಮನಸ್ಸು ಕರಗಿ, ಕೇಳುತ್ತ ಕೇಳುತ್ತ ಲೆನ್ಸಪ್ಪ ತನ್ನ ಕಣ್ಣನ್ನೂ ಮುಚ್ಚಿಕೊಂಡಿದ್ದ. ಆಮೇಲೆ, "ನಿನ್ನ ಕಣ್ಣಿಗೇನೂ ಆಗಿಲ್ಲ ಅಕ್ಕಾ, ಇನ್ನೂ ನೂರು ವರ್ಷ ಓದ್ತೀಯ," ಎಂದು ಮನೆಗೆ ಕಳಿಸಿದ್ದ.

ಅದು ನೆನಪಾದದ್ದೇ ಕೈಯಲ್ಲಿದ್ದ ಲೆನ್ಸನ್ನು ಕೆಳಗಿಟ್ಟು, ಅಂಗಡಿಯನ್ನು ಮಗಳಿಗೆ ಬಿಟ್ಟು, ಚಪ್ಪಲಿ ಮೆಟ್ಟಿದವನೇ ಹಿಂದಿನ ಬೀದಿಗೆ ಓಡಿದ.

ದೊಡ್ಡಕ್ಕ ಬರಲು ಒಪ್ಪಲಿಲ್ಲ. ಬಟ್ಟೆ ಒಣಗಿಸಬೇಕು ಎಂದಳು, ಕಾಲು ನೋವು ಎಂದಳು. ತಮ್ಮ ಬಾಗಿಲಲ್ಲೇ ನಿಂತಿದ್ದನ್ನು ಕಂಡು ಕೊನೆಗೆ ಎದ್ದಳು. ದಾರಿಯಲ್ಲಿ ಅವನ ತೋಳು ಹಿಡಿದಳು. ಮುಂಚೆ ಎಂದೂ ಹಿಡಿದವಳಲ್ಲ. ಅಂಗಡಿಯ ಮೆಟ್ಟಿಲ ಹತ್ತಿರ ಆ ಹಿಡಿತ ಬಿಗಿಯಾದದ್ದು ಲೆನ್ಸಪ್ಪನಿಗೆ ತಿಳಿಯಿತು.

ಕುರ್ಚಿಯಲ್ಲಿ ಕೂತ ಮೇಲೆ ಅವಳು ತಾನಾಗಿಯೇ ಕೈ ಚಾಚಿದಳು, ಕಾರ್ಡು ಕೊಡು ಎನ್ನುವಂತೆ. ಲೆನ್ಸಪ್ಪ ಮಗಳ ಮುಖ ನೋಡಿದ. ಡ್ರಾಯರ್ ಎಳೆದು, ತಾನೇ ಕೈಯಾರೆ, ಟ್ಯಾಂಕು ತೊಳೆಯುವ ಕಾರ್ಡನ್ನು ತೆಗೆದು ಅಕ್ಕನ ಕೈಗಿಟ್ಟ.

ಅವಳು ಅದನ್ನು ಹತ್ತಿರ ತಂದಳು, ದೂರ ಹಿಡಿದಳು, ಸ್ವಲ್ಪ ಪಕ್ಕಕ್ಕೆ ಸರಿಸಿ ಓರೆಗಣ್ಣಿಂದ ನೋಡಿದಳು. ಹೊರಗೆ ಬೀಗದ ಅಂಗಡಿಯವನು ಕೀಲಿಕೈ ಉಜ್ಜುವ ಸದ್ದು ಕೇಳುತ್ತಿತ್ತು.

"ಇದು ಯಾವ ಅಧ್ಯಾಯ ಹೇಳು," ಎಂದಳು ಕೊನೆಗೆ. "ಅಧ್ಯಾಯ ಹೇಳಿಬಿಡು, ಓದ್ತೀನಿ."

ಲೆನ್ಸಪ್ಪ ಗೋಡೆಗೆ ಒರಗಿ ನಿಂತುಕೊಂಡ. ಮಗಳೇ ಕುರ್ಚಿಯ ಪಕ್ಕ ಮಂಡಿಯೂರಿ ಅತ್ತೆಯ ಕೈಯಿಂದ ಕಾರ್ಡು ತೆಗೆದುಕೊಂಡಳು. ಎಂದಿನಿಂದ ಹೀಗಾಗಿದೆ, ಏನು ಕಾಣುತ್ತದೆ ಎಂದು ಒಂದೊಂದಾಗಿ ಕೇಳಿದಳು.

"ಸುತ್ತ ಎಲ್ಲಾ ಕಾಣುತ್ತೆ. ನಡುವೇನೇ ಇಲ್ಲ," ಎಂದಳು ದೊಡ್ಡಕ್ಕ. "ಬಲಗಣ್ಣಲ್ಲಿ ನೋಡಿದ್ರೆ ನಿನ್ನ ಕಿವಿ ಕಾಣುತ್ತೆ, ಕೂದಲು ಕಾಣುತ್ತೆ, ಮುಖ ಇರೋ ಜಾಗದಲ್ಲಿ ಮಸಿ. ಎಡಗಣ್ಣು ಪರವಾಗಿಲ್ಲ ಅಂದ್ಕೊಂಡಿದ್ದೆ. ಈಗ ಅದ್ರಲ್ಲೂ ಬಾಗಿಲಿನ ಚೌಕಟ್ಟು ಡೊಂಕು ಕಾಣುತ್ತೆ."

"ಮೊದ್ಲೇ ಯಾಕೆ ಹೇಳ್ಲಿಲ್ಲ ಅಕ್ಕಾ?" ಲೆನ್ಸಪ್ಪ ಕೂಗಿಯೇ ಬಿಟ್ಟ. ಕೂಗು ಅವಳ ಮೇಲಲ್ಲ ಎಂದು ಮೂವರಿಗೂ ಗೊತ್ತಿತ್ತು.

"ಹೇಳಿದ್ನಲ್ಲೋ. ನೀನು ನೋಡಿ, ಏನೂ ಆಗಿಲ್ಲ ಅಂದೆ. ನನ್ನ ತಮ್ಮ ಹೇಳಿದ ಮೇಲೆ ಮುಗೀತು, ಇದು ಕಣ್ಣಿನ ತೊಂದ್ರೆ ಅಲ್ಲ, ನನ್ನ ತಲೇದು ಅಂದ್ಕೊಂಡೆ. ಆಮೇಲೆ ಜಾಸ್ತಿ ಆದಾಗ..." ಸೆರಗಿನಿಂದ ಕನ್ನಡಕ ಒರೆಸಿದಳು, ಒರೆಸಿದರೆ ಸರಿಹೋದೀತು ಎನ್ನುವಂತೆ. "ಆಮೇಲೆ ಹೆದರಿಕೆ ಆಯ್ತು. ಹೇಳಿದ್ರೆ ಓದಿನಿಂದ ಬಿಡಿಸ್ತಾರೆ. ಬಿಡಿಸಿದ್ರೆ ಭಾನುವಾರ ನಾನೇನು ಮಾಡ್ಲಿ?"

ಮರುದಿನವೇ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಣ್ಣಿನ ಹಿಂದಿನ ಪರದೆಯ ರೋಗ. ಬಲಗಣ್ಣಿನ ನಡುಭಾಗ ಹೋಗಿದೆ, ಅದು ಇನ್ನು ಬರುವುದಿಲ್ಲ; ಎಡಗಣ್ಣಿನಲ್ಲಿ ಈಗ ಶುರುವಾಗಿದೆ, ಇಂಜೆಕ್ಷನ್ ಕೊಡುತ್ತ ಹೋದರೆ ಉಳಿಸಿಕೊಳ್ಳಬಹುದು, ಆದರೂ ಸಣ್ಣ ಅಕ್ಷರ ಓದುವುದು ಕಷ್ಟವೇ ಎಂದರು ಡಾಕ್ಟರು. ಲೆನ್ಸಪ್ಪ ಕೇಳಬಾರದ್ದನ್ನು ಕೇಳಿದ.

"ವರ್ಷದ ಮೊದಲಲ್ಲೇ ಬಂದಿದ್ರೆ?"

"ಬಂದಿದ್ರೆ ಎರಡೂ ಉಳೀತಿತ್ತೇನೋ. ಆಗ ಯಾರೂ ಪರೀಕ್ಷೆ ಮಾಡಿರ್ಲಿಲ್ವಾ?" ಎಂದು ಡಾಕ್ಟರು ಬರೆಯುತ್ತಲೇ ಕೇಳಿದರು.

"ಮಾಡಿದ್ರು," ಎಂದ ಲೆನ್ಸಪ್ಪ. ಯಾರು ಎಂದು ಡಾಕ್ಟರು ಕೇಳಲಿಲ್ಲ.

ಮನೆಗೆ ಬಂದವನು ಊಟ ಮುಟ್ಟಲಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಆ ಹೊಲಿಗೆಯ ಹೆಂಗಸಿಗೆ ಕೀರ್ತನೆ ಗೊತ್ತಿರಲಿಲ್ಲ, ಅದಕ್ಕೇ ತಡವರಿಸಿ ಓದಿದರು. ಅವರ ಕಣ್ಣಿನ ಲೆಕ್ಕ ಸರಿಯಾಗಿ ಸಿಕ್ಕಿತು. ಕೀರ್ತನೆ ಬಲ್ಲವರು ಬಂದು ಬಾಯಿಪಾಠ ಹೇಳಿ ಹೋದರು, ಅವರ ಕಣ್ಣನ್ನು ಅವನು ನೋಡಿಯೇ ಇರಲಿಲ್ಲ. ತನ್ನವರನ್ನು ಬಿಟ್ಟು ಉಳಿದವರಿಗೆಲ್ಲ ಸರಿಯಾದ ಕನ್ನಡಕ ಕೊಟ್ಟ ಪುಣ್ಯಾತ್ಮ! ಅತ್ತುಬಿಡೋಣ ಎನ್ನಿಸಿತು, ಅಳು ಬರಲಿಲ್ಲ. ತನ್ನ ಮೇಲೆ ತನಗೇ ಅಷ್ಟು ಸಿಟ್ಟು ಬಂದಿತ್ತು.

ಗುರುವಾರದ ಸಭೆಯಲ್ಲಿ ಬೆಂಚುಗಳೆಲ್ಲ ತುಂಬಿದ್ದವು. ಖಜಾಂಚಿ ಎದ್ದು, ನಂಬಿಕೆಗಾಗಿ ಒಬ್ಬ ಹೆಣ್ಣುಮಗಳು ಒಂಟಿಯಾಗಿ ನಿಂತ ಬಗ್ಗೆ ಉದ್ದನೆಯ ಭಾಷಣ ಬಿಗಿದರು. ಚಪ್ಪಾಳೆಯೂ ಬಿತ್ತು. ದೊಡ್ಡಕ್ಕ ಮೂಲೆಯಲ್ಲಿ ತಲೆ ತಗ್ಗಿಸಿ ಕೂತಿದ್ದಳು. ಆಮೇಲೆ ಖಜಾಂಚಿ, "ಈಗ ನಮ್ಮ ಲೆನ್ಸಪ್ಪನವರು ಮಾತಾಡ್ತಾರೆ," ಎಂದು ಹೆಮ್ಮೆಯಿಂದ ಕೂತರು. ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಒಂದೂ ಈಗ ಉಪಯೋಗಕ್ಕೆ ಬರುವಂತಿರಲಿಲ್ಲ.

"ನಮ್ಮಕ್ಕ ಯಾರ ವಿರುದ್ಧಾನೂ ನಿಂತಿಲ್ಲ," ಎಂದ ಲೆನ್ಸಪ್ಪ. "ಅವಳಿಗೆ ಕಣ್ಣು ಕಾಣ್ತಿಲ್ಲ. ಹೇಳೋಕೆ ಹೆದರಿದ್ಳು. ಹೇಳು ಅಂತ ನನಗೆ ಅನುಮತಿ ಕೊಟ್ಟಿದಾಳೆ, ಅದಕ್ಕೇ ಹೇಳ್ತಿದೀನಿ."

ಖಜಾಂಚಿಯ ಮುಖ ಇಂಗು ತಿಂದ ಮಂಗನಂತಾಯಿತು. ಲೆನ್ಸಪ್ಪ ಅಲ್ಲಿಗೇ ಕೂತುಬಿಡಬಹುದಿತ್ತು, ಕೂರಲಿಲ್ಲ.

"ಇನ್ನೊಂದಿದೆ. ನನ್ನ ಅಂಗಡೀಲಿ ಕೀರ್ತನೆ ಕಾರ್ಡು ಹಿಡಿದ ಚರ್ಚಿನೋರು ಎಲ್ಲರೂ ಇನ್ನೊಂದ್ಸಲ ಬರ್ಬೇಕು. ನೀವು ಯಾರೂ ಅದನ್ನ ಓದಿಲ್ಲ, ಹೇಳಿದ್ದೀರ. ನಾನೂ ನೋಡಿಲ್ಲ, ಕೇಳಿದ್ದೀನಿ. ಅಕ್ಕನ ಒಂದು ಕಣ್ಣು ಹೋಗಿದ್ದು ಹಾಗೇನೇ. ತಪ್ಪು ನಂದು."

ಅವನು ಕೂತ. ಅಯ್ಯನವರೇ ಎದ್ದು ದೊಡ್ಡಕ್ಕನ ಹತ್ತಿರ ಹೋಗಿ, ಪಕ್ಕದ ಕುರ್ಚಿ ಎಳೆದುಕೊಂಡು ಕೂತರು. ಆ ಜಾಗ ನಿಮ್ಮದು ಅಕ್ಕಾ, ಓದೋಕೆ ಆಗದಿದ್ರೆ ಬಾಯಲ್ಲೇ ಹೇಳಿ, ಪುಸ್ತಕ ಇಲ್ಲದೇನೇ ನಿಂತ್ಕೊಳ್ಳಿ, ನಟನೆ ಯಾಕೆ ಬೇಕು ಎಂದರು. ಹಳೆಯದನ್ನೇ ಹೇಳಲಿ ಎಂದು ಹೊಸಬರ ಗುಂಪಿನಿಂದಲೇ ಯಾರೋ ಕೂಗಿದರು. ಕರುಣೆಯಿಂದ ಆಡಿದ ಮಾತು ಅದು. ದೊಡ್ಡಕ್ಕ ಅದನ್ನು ಗುರುತಿಸಿದಳು.

"ಬೇಡ," ಎಂದಳು. "ಮತ ಹಾಕಿ ಹೊಸದು ಅಂತ ಮಾಡಿದ್ದೀರ. ನನಗೊಬ್ಬಳಿಗೆ ಬೇರೆ ಕಾನೂನು ಯಾಕೆ? ಹೊಸದನ್ನೇ ಕಲೀತೀನಿ. ಯಾರಾದ್ರೂ ಕೂತು ಓದಿ ಹೇಳ್ಬೇಕು, ಅಷ್ಟೇ."

ಮುಂದಿನ ವಾರವೆಲ್ಲ ಅಂಗಡಿಯ ಮುಂದೆ ಚರ್ಚಿನವರ ಸಾಲು. ಒಬ್ಬೊಬ್ಬರೇ ಕುರ್ಚಿಯಲ್ಲಿ ಕೂತು ಟ್ಯಾಂಕು ತೊಳೆದರು. ತೀರಾ ಕೆಟ್ಟದ್ದೇನೂ ಸಿಕ್ಕಲಿಲ್ಲ, ದೇವರು ದೊಡ್ಡವನು. ಆದರೆ ಪವರ್ ಬದಲಾಗಿದ್ದವರು ಬೇಕಾದಷ್ಟು ಜನರಿದ್ದರು. ಹಳಬರ ಮುಖಂಡ ಖಜಾಂಚಿ ಕೆಸರು ಎಂಬುದನ್ನು ಕೇಸರಿ ಎಂದು ಓದಿದರು, ಕೊಳವೆಯನ್ನು ಕೊಳೆ ಮಾಡಿದರು, ಕೊನೆಯ ಸಾಲಿಗೆ ಬಂದು ಅಭ್ಯಾಸಬಲದಿಂದ ಆಮೆನ್ ಎಂದರು. ಮಗಳು ಪರದೆಯ ಹಿಂದೆ ಹೋಗಿ ನಕ್ಕು ಬಂದಳು. ಕೀರ್ತನೆಯ ಕಾರ್ಡನ್ನು ಲೆನ್ಸಪ್ಪ ಚೌಕಟ್ಟು ಹಾಕಿಸಿ ಕೌಂಟರಿನ ಮೇಲಿನ ಗೋಡೆಗೆ ತೂಗುಹಾಕಿದ. ಓದಬೇಕೆನ್ನುವವರು ತಲೆಯೆತ್ತಿ ಓದಿಕೊಳ್ಳಬಹುದಿತ್ತು.

ಓದಿ ಹೇಳುವ ಕೆಲಸಕ್ಕೆ ಬೇರೆ ಯಾರೂ ಸಿಗಲಿಲ್ಲವೆಂದಲ್ಲ. ಮಗಳೇ ಮುಂದೆ ಬಂದಿದ್ದಳು. ದೊಡ್ಡಕ್ಕ ಕೇಳಿದ್ದು ತಮ್ಮನನ್ನು. ಹಾಗಾಗಿ ಅಂಗಡಿ ಮುಚ್ಚಿದ ಮೇಲೆ, ಹೊಸ ಅನುವಾದವನ್ನು ಕೈಯಲ್ಲೂ ಮುಟ್ಟುವುದಿಲ್ಲ ಎಂದಿದ್ದ ಲೆನ್ಸಪ್ಪ, ಅದನ್ನು ಕಂಕುಳಲ್ಲಿ ಇರುಕಿಕೊಂಡು ಹಿಂದಿನ ಬೀದಿಯ ಕೋಣೆಗೆ ಬಂದ. ಅಕ್ಕ ಮಂಚದ ಮೇಲೆ ಕೂತಿದ್ದಳು, ಎಡಗಣ್ಣಿಗೆ ಇಂಜೆಕ್ಷನ್ನಿನ ಕೆಂಪು ಇನ್ನೂ ಇತ್ತು. ಅವನು ಸ್ಟೂಲಿನ ಮೇಲೆ ಕೂತು, ಭಾನುವಾರದ ಅ‍ಧ್ಯಾಯ ಹುಡುಕಿ ಶುರುಮಾಡಿದ.

ಮೊದಲ ಸಾಲು ಸರಿಯಾಗಿಯೇ ಬಂತು. ಅಕ್ಕ ಅದನ್ನು ಹಾಗೆಯೇ ತಿರುಗಿ ಹೇಳಿದಳು. ಎರಡನೆಯದೂ ಬಂತು. ಮೂರನೆಯ ಸಾಲಿಗೆ ಲೆನ್ಸಪ್ಪನಿಗೆ ಲಯ ಸಿಕ್ಕಿತು, ದನಿ ಏರಿತು, ನಾಲ್ಕೈದು ಸಾಲು ತಡೆಯಿಲ್ಲದೆ ಓಡಿದವು. ಅಕ್ಕ ಹಿಂದೆ ಹೇಳುತ್ತಿಲ್ಲ ಎಂಬುದು ತಡವಾಗಿ ಗೊತ್ತಾಯಿತು. ಅವಳು ಕೈ ಎತ್ತಿದ್ದಳು.

"ಇದು ನನಗೆ ಬರುತ್ತೆ," ಎಂದಳು.

"ಬರುತ್ತಾ? ಇಷ್ಟು ಬೇಗ ಕಲಿತುಬಿಟ್ಯಾ?"

"ಬರುತ್ತೆ ಅಂದ್ರೆ ಇದು ಹಳೇದು ಕಣೋ. ನೀನು ಪುಸ್ತಕ ನೋಡ್ತಿಲ್ಲ."

"ನೋಡ್ತಾನೇ ಇದೀನಲ್ಲ ಅಕ್ಕಾ! ಪುಸ್ತಕ ಕೈಯಲ್ಲೇ ಇದೆ."

"ಕೈಯಲ್ಲಿದ್ರೆ ಏನು ಬಂತು?" ಎಂದಳು ದೊಡ್ಡಕ್ಕ. ದನಿಯಲ್ಲಿ ಸಿಟ್ಟಿರಲಿಲ್ಲ. "ನಿನಗೆ ಕಣ್ಣಿದೆ. ಅಲ್ಲಿ ಏನಿದೆಯೋ ಅದನ್ನ ಓದು."

ಲೆನ್ಸಪ್ಪ ಸ್ಟೂಲನ್ನು ದೀಪದ ಕೆಳಕ್ಕೆ ಎಳೆದುಕೊಂಡ. ಎಲ್ಲಿ ತಪ್ಪಿದೆನೆಂದು ಹುಡುಕಿ, ಆ ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಪದವಾಗಿ, ತಡವರಿಸುತ್ತ ಓದತೊಡಗಿದ. ಅಕ್ಕ ಕಣ್ಣು ಮುಚ್ಚಿಕೊಂಡು ಅವನ ಹಿಂದೆಯೇ ಹೇಳುತ್ತ ಬಂದಳು.